ಒಟ್ಟಿಗೆ ಉಂಡವರ ಕಟ್ಟಳೆ: ಅಟಯಾಲರ ಗಗಾ, ಚರ್ಚು ಮತ್ತು ಪ್ರಭುತ್ವ

'ಕಟ್ಟಳೆ' ಎಂಬ ಮಾತು ಕಿವಿಗೆ ಬಿದ್ದಾಗ ದಲಿತನೊಬ್ಬನಿಗೆ ಹಿತವಾದ ನೆನಪೇನೂ ಬರುವುದಿಲ್ಲ. ಸತ್ತ ದನ ಹೊರುವುದು, ಊರಹಬ್ಬಕ್ಕೆ ತಮಟೆ ಬಡಿದು ದೂರ ನಿಲ್ಲುವುದು, ಬೇರೆ ಲೋಟದಲ್ಲಿ ಟೀ ಕುಡಿಯುವುದು, ಎದುರು ಮಾತಾಡಿದರೆ ದಂಡ, ದಂಡ ಕಟ್ಟದಿದ್ದರೆ ಬಹಿಷ್ಕಾರ. ಇವೆಲ್ಲಕ್ಕೂ ಊರಿನವರು ಕೊಡುತ್ತ ಬಂದ ಸಮಜಾಯಿಷಿ ಒಂದೇ: 'ಹಿಂದಿನಿಂದ ನಡೆದು ಬಂದದ್ದು'. ಹಾಗಾಗಿಯೇ ದಲಿತ ಚಳವಳಿ ಪದ್ಧತಿಯ ಎದುರು ಬರೆದ ಕಾನೂನನ್ನು ಹಿಡಿದು ನಿಂತಿತು. ಆ ಆಯ್ಕೆಯ ಬಗ್ಗೆ ನನಗೆ ಅನುಮಾನವಿಲ್ಲ. ತೊಡಕು ಶುರುವಾಗುವುದು ಇದೇ ಅಳತೆಗೋಲನ್ನು ಆದಿವಾಸಿಗಳ ಹಟ್ಟಿ ಹಾಡಿಗಳಿಗೆ ಯಥಾವತ್ತಾಗಿ ಒಯ್ದಾಗ. ಅವರ ಮನೆಬಾಗಿಲಿಗೆ ಬರೆದ ಕಾನೂನು ಮೊದಲು ಬಂದದ್ದು ಅರಣ್ಯ ಇಲಾಖೆಯ ಗಾರ್ಡಿನ ವೇಷದಲ್ಲಿ. ನಮಗೆ ಬೇಡಿಯಾಗಿದ್ದ ಪದ್ಧತಿ ಅವರಿಗೆ ಎಷ್ಟೋ ಸಲ ಉಳಿದಿರುವ ಒಂದೇ ಆಸರೆ.

ಈ ತೊಡಕನ್ನು ತೈವಾನಿನ ಅಟಯಾಲರ ನಿದರ್ಶನ ಇಟ್ಟುಕೊಂಡು ನೋಡಬಹುದು. ಅಷ್ಟು ದೂರ ಯಾಕೆ ಅಂತ ಯಾರಾದರೂ ಕೇಳಿಯಾರು. ಅಲ್ಲಿ ಒಂದು ನೂರು ವರ್ಷದೊಳಗೆ ಕಟ್ಟಳೆ, ಚರ್ಚು, ಪ್ರಭುತ್ವ ಮೂರೂ ಮುಖಾಮುಖಿಯಾದವು. ಆ ಜನ ನಮ್ಮವರ ಹಾಗೆಯೇ ಗುಂಪುಗುಂಪಾಗಿ ಮತಾಂತರವಾದರು. ಆದರೂ ತಮ್ಮ ಕಟ್ಟಳೆಯನ್ನು ಬಿಟ್ಟುಕೊಡಲಿಲ್ಲ. ಬಿಡಲಿಲ್ಲ ಅನ್ನುವುದಕ್ಕಿಂತ ಅದಕ್ಕೆ ಮನೆ ಬದಲಾಯಿಸಿ ಕೊಟ್ಟರು ಅನ್ನುವುದು ಹೆಚ್ಚು ಸರಿ.

ಅಟಯಾಲರು ತೈವಾನಿನ ಉತ್ತರಭಾಗದ ಬೆಟ್ಟಗಳ ಜನ. ಈಗ ಅವರ ಸಂಖ್ಯೆ 90 ಸಾವಿರಕ್ಕೂ ಹೆಚ್ಚು. ದ್ವೀಪದ ಒಟ್ಟು ಜನಸಂಖ್ಯೆಯಲ್ಲಿ ಎಲ್ಲ ಆದಿವಾಸಿಗಳೂ ಸೇರಿ ಶೇಕಡ ಎರಡೂವರೆಯ ಆಸುಪಾಸು. ನವಣೆ ಜಾತಿಯ ಧಾನ್ಯ ಬೆಳೆದು, ಬೇಟೆಯಾಡಿ, ನದಿಕಣಿವೆಗಳ ಉದ್ದಕ್ಕೂ ಚಿಕ್ಕಚಿಕ್ಕ ಊರು ಕಟ್ಟಿಕೊಂಡಿದ್ದವರು. ರಾಜನಿರಲಿಲ್ಲ, ಹುಟ್ಟಿನಿಂದ ಬಂದ ಮೇಲುವರ್ಗವೂ ಇರಲಿಲ್ಲ. ಇದನ್ನು ಒತ್ತಿ ಹೇಳಬೇಕು. ಯಾಕೆಂದರೆ ಅದೇ ದ್ವೀಪದ ದಕ್ಷಿಣದಲ್ಲಿರುವ ಪೈವಾನ್, ರುಕಾಯ್ ಜನರಲ್ಲಿ ಒಡೆಯರು ಮತ್ತು ಸಾಮಾನ್ಯರು ಎಂಬ ಹುಟ್ಟಿನ ಭೇದ ಸ್ಪಷ್ಟವಾಗಿತ್ತು. 'ಆದಿವಾಸಿ ಪದ್ಧತಿ' ಎಂದು ಎಲ್ಲವನ್ನೂ ಒಂದೇ ಗಂಟು ಕಟ್ಟಿ ಹೊಗಳುವವರೂ ತೆಗಳುವವರೂ ಈ ವ್ಯತ್ಯಾಸವನ್ನು ನೋಡುವುದೇ ಇಲ್ಲ.

ಅಟಯಾಲರು ತಮ್ಮ ಕಟ್ಟಳೆಗೆ ಕೊಟ್ಟಿರುವ ಹೆಸರು 'ಗಗಾ'. ಹಿರಿಯರು ಬಿಟ್ಟುಹೋದ ಮಾತು ಎಂದು ಸುಮಾರಾಗಿ ಹೇಳಬಹುದು. ಆದರೆ ಆ ಶಬ್ದಕ್ಕೆ ಬಹಳ ಮೈಗಳಿವೆ. ಬಿತ್ತನೆ ಯಾವಾಗ, ಮದುವೆ ಯಾರ ಜೊತೆ, ಬೇಟೆಯ ಎಲ್ಲೆ ಯಾವುದು ಎಂಬ ನಿಯಮಗಳೂ ಗಗಾ. ಆ ನಿಯಮಗಳನ್ನು ಒಟ್ಟಿಗೆ ಪಾಲಿಸುವ ಜನರ ಗುಂಪೂ ಗಗಾ. ಯಾರಾದರೂ ಸರಿಯಿಲ್ಲದ ಕೆಲಸ ಮಾಡಿದರೆ 'ಅವನಿಗೆ ಗಗಾ ಇಲ್ಲ' ಅಂತಾರೆ. ಒಟ್ಟಿಗೆ ಬೇಟೆಮಾಂಸ ಹಂಚಿಕೊಂಡು ಉಣ್ಣುವವರನ್ನು 'ಕುತುಖ್ ನಿಕಾನ್' ಎನ್ನುತ್ತಾರೆ, ಅಂದರೆ ಒಂದೇ ಊಟದವರು. ಒಂದೇ ನದಿಯ ಕಣಿವೆಯ ಊರುಗಳೆಲ್ಲ ಸೇರಿ ಇನ್ನೂ ದೊಡ್ಡದೊಂದು ಒಕ್ಕೂಟ. ಬರವಣಿಗೆ ಇಲ್ಲ, ಪುರೋಹಿತ ಜಾತಿ ಇಲ್ಲ, ಕಾವಲಿಗೆ ಪೊಲೀಸೂ ಇಲ್ಲ. ಕಟ್ಟಳೆಯನ್ನು ಕಾಯುತ್ತಿದ್ದವರು 'ಉತುಖ್'ಗಳು, ಅಂದರೆ ಸತ್ತ ಹಿರಿಯರ ಚೇತನಗಳು.

ಈ ಕಟ್ಟಳೆ ಕೆಲಸ ಮಾಡುತ್ತಿದ್ದ ರೀತಿ ನಮ್ಮ ಓದುಗರಿಗೆ ಮುಖ್ಯ. ಒಬ್ಬ ತಪ್ಪು ಮಾಡಿದ ಅಂತಿಟ್ಟುಕೊಳ್ಳಿ. ಮದುವೆಯ ಹೊರಗಿನ ಸಂಬಂಧ ಅಥವಾ ಕಳವು. ಶಿಕ್ಷೆ ಅವನೊಬ್ಬನಿಗೇ ಬರುತ್ತದೆ ಅಂತಿಲ್ಲ. ಉತುಖ್‌ಗಳು ಮುನಿದರೆ ಅವನ ಅಣ್ಣನ ಮಗು ಕಾಯಿಲೆ ಬೀಳಬಹುದು, ಇನ್ನೊಬ್ಬನ ಹೊಲ ಒಣಗಬಹುದು, ಬೇಟೆಗೆ ಹೋದ ಮತ್ತೊಬ್ಬ ಬಂಡೆಯಿಂದ ಜಾರಬಹುದು. ಆದ್ದರಿಂದ ಒಬ್ಬನ ತಪ್ಪು ಇಡೀ ಗುಂಪಿನ ತಲೆನೋವು. ತಪ್ಪು ಮಾಡಿದವನ ಮನೆಯವರು ಹಂದಿ ಕಡಿಯಬೇಕು, ಎಲ್ಲರಿಗೂ ಹಂಚಬೇಕು. ಆ ರಕ್ತ, ಆ ಮಾಂಸದಿಂದ ಕೊಳೆ ತೊಳೆದುಹೋಯಿತು ಎಂದು ಲೆಕ್ಕ. ನೊಂದವರಿಗೆ ಪರಿಹಾರ ಬೇರೆ.

ನಮ್ಮ ಮೈಲಿಗೆಯ ಜೊತೆ ಇದನ್ನು ಹೋಲಿಸಿ ನೋಡಿ. ನಮ್ಮಲ್ಲಿ ಮೈಲಿಗೆ ಹುಟ್ಟಿನಿಂದ ಬರುತ್ತದೆ, ಏನು ಮಾಡಿದರೂ ಹೋಗುವುದಿಲ್ಲ. ಒಂದು ಸಮುದಾಯ ಶಾಶ್ವತವಾಗಿ ಕೊಳೆ ಹೊತ್ತರೆ ಇನ್ನೊಂದು ಶಾಶ್ವತವಾಗಿ ಶುದ್ಧವಾಗಿರುತ್ತದೆ. ಗಗಾದಲ್ಲಿ ಕೊಳೆ ಬರುವುದು ಮಾಡಿದ ಕೆಲಸದಿಂದ, ಅದು ಎಲ್ಲರಿಗೂ ಅಂಟುತ್ತದೆ, ಎಲ್ಲರೂ ಕೂತು ಉಂಡರೆ ಹೋಗುತ್ತದೆ. ಕೊಳೆಯನ್ನು ಹೊರುವುದಕ್ಕೇ ಅಂತ ಒಂದು ಕೇರಿಯನ್ನು ಊರಾಚೆ ಇಟ್ಟುಕೊಳ್ಳುವ ಅಗತ್ಯ ಆ ಸಮಾಜಕ್ಕೆ ಬರಲಿಲ್ಲ. ಎರಡನ್ನೂ 'ಸಂಪ್ರದಾಯ' ಎಂಬ ಒಂದೇ ಹೆಸರಿನಿಂದ ಕರೆಯುವುದು ವಿಮರ್ಶೆಯ ಸೋಮಾರಿತನ.

ಹಾಗಂತ ಗಗಾವನ್ನು ಸ್ವರ್ಗ ಮಾಡಿ ತೋರಿಸುವ ಚಪಲ ನನಗಿಲ್ಲ. ತಲೆಬೇಟೆಯೂ ಗಗಾವೇ ಆಗಿತ್ತು. ಇಬ್ಬರ ನಡುವೆ ಬಗೆಹರಿಯದ ತಕರಾರಿದ್ದರೆ ಹೊರಗಿನವನೊಬ್ಬನ ತಲೆ ತಂದವನ ಮಾತೇ ಸತ್ಯ ಎಂದು ತೀರ್ಮಾನವಾಗುತ್ತಿತ್ತು. ಹೆಂಗಸು ಬೇಟೆಯ ಸಾಮಾನು ಮುಟ್ಟುವಂತಿಲ್ಲ, ಗಂಡಸು ಮಗ್ಗ ಮುಟ್ಟುವಂತಿಲ್ಲ. ತಲೆ ತಂದ ಗಂಡಸಿಗೂ ನೇಯ್ಗೆ ಕಲಿತ ಹೆಣ್ಣಿಗೂ ಮುಖದ ಮೇಲೆ ಹಚ್ಚೆ. ಹಚ್ಚೆ ಇದ್ದವರು ಮಾತ್ರ ಸತ್ತ ಮೇಲೆ ಕಾಮನಬಿಲ್ಲಿನ ಸೇತುವೆ ದಾಟಿ ಹಿರಿಯರನ್ನು ಸೇರಬಹುದು. ನೇಯಲು ಬಾರದ ಹೆಣ್ಣಿನ ಗತಿ ಏನು ಎಂಬ ಪ್ರಶ್ನೆಗೆ ಆ ಕಟ್ಟಳೆಯಲ್ಲಿ ಮೃದುವಾದ ಉತ್ತರವಿಲ್ಲ.

1895ರಲ್ಲಿ ತೈವಾನ್ ಜಪಾನಿನ ಕೈಸೇರಿತು. ಅದೇ ವರ್ಷ ಹೊರಡಿಸಿದ ಒಂದು ನಿಯಮದ ಪ್ರಕಾರ ದಾಖಲೆಪತ್ರವಿಲ್ಲದ ಕಾಡೆಲ್ಲ ಸರ್ಕಾರದ್ದು. ಬರವಣಿಗೆಯೇ ಇಲ್ಲದ ಜನರ ಬಳಿ ಪತ್ರ ಎಲ್ಲಿಂದ ಬರಬೇಕು? ಒಂದೇ ಏಟಿಗೆ ಅವರ ಬೆಟ್ಟಗಳು ಹೋದವು. ಜಪಾನಿಗೆ ಬೇಕಾಗಿದ್ದದ್ದು ಕರ್ಪೂರದ ಮರ. ಆಗ ಸೆಲ್ಯುಲಾಯ್ಡ್ ಉದ್ಯಮಕ್ಕೆ ಕರ್ಪೂರ ಬೇಕಿತ್ತು, ಜಗತ್ತಿಗೆ ಬಹುಪಾಲು ಕರ್ಪೂರ ಹೋಗುತ್ತಿದ್ದದ್ದು ತೈವಾನಿನಿಂದ. 1910ರಿಂದ 1914ರವರೆಗೆ ಗವರ್ನರ್ ಜನರಲ್ ಸಕುಮಾ ಸಮತಾ ಐದು ವರ್ಷದ ದಂಡಯಾತ್ರೆ ನಡೆಸಿದ. ವಿದ್ಯುತ್ ಹರಿಸಿದ ತಂತಿಬೇಲಿ ಹಾಕಿ ಊರುಗಳನ್ನು ಸುತ್ತುವರಿದು, ಬಂದೂಕು ಕಿತ್ತುಕೊಂಡು, ಅನೇಕ ಊರುಗಳನ್ನು ಕೆಳಗಿನ ಇಳಿಜಾರಿಗೆ ಇಳಿಸಿ ಭತ್ತ ಬೆಳೆಯಲು ಹಚ್ಚಿದರು. ತಲೆಬೇಟೆ, ಹಚ್ಚೆ ಎರಡೂ ನಿಷೇಧವಾದವು. ಆ ಹಚ್ಚೆಯ ಅಜ್ಜಿಯರ ತಲೆಮಾರು ಈಗ ಹೆಚ್ಚುಕಡಿಮೆ ಮುಗಿದುಹೋಗಿದೆ.

ವಿಚಿತ್ರವೆಂದರೆ ಗಗಾದ ಬಗ್ಗೆ ಮೊದಲ ವಿಸ್ತಾರವಾದ ಬರಹ ಬಂದದ್ದೂ ಇದೇ ಕಾಲದಲ್ಲಿ. ಹಳೆಯ ಪದ್ಧತಿಗಳನ್ನು ದಾಖಲಿಸಲು ವಸಾಹತು ಸರ್ಕಾರ ನೇಮಿಸಿದ್ದ ಸಮಿತಿ 1915ರಲ್ಲಿ ಅಟಯಾಲರ ಮೇಲಿನ ಸಂಪುಟವನ್ನು ಹೊರತಂದಿತು. ಒಂದು ಕೈಯಲ್ಲಿ ಬೇಲಿ, ಇನ್ನೊಂದು ಕೈಯಲ್ಲಿ ನೋಟ್‌ಬುಕ್ಕು. ಇಂಡಿಯಾದಲ್ಲಿ ಬ್ರಿಟಿಷರು 'ಜಾತಿ ಮತ್ತು ಬುಡಕಟ್ಟು'ಗಳ ಸಂಪುಟಗಳನ್ನು ಪೇರಿಸಿಟ್ಟದ್ದು ನೆನಪಾಗದೆ ಇರದು. ಇವತ್ತು ಅಟಯಾಲರ ಯುವಕರು ತಮ್ಮ ಮುತ್ತಜ್ಜನ ಗಗಾ ತಿಳಿಯಲು ಅದೇ ಜಪಾನಿ ಸಂಪುಟದ ಚೀನೀ ಅನುವಾದವನ್ನು ಹುಡುಕಬೇಕಾಗಿದೆ.

1945ರಲ್ಲಿ ಜಪಾನ್ ಸೋತಿತು. ಹಳೆಯ ಆಚರಣೆಗಳನ್ನು ಜಪಾನಿಗಳು ಮುರಿದಿದ್ದರು, ಅದರ ಜಾಗಕ್ಕೆ ತಂದಿದ್ದ ಶಿಂಟೋ ಗುಡಿಗಳು ಜಪಾನಿನ ಜೊತೆಗೇ ಬಿದ್ದವು. ಈ ಬಯಲಿಗೆ ಬಂದದ್ದು ಚರ್ಚು: ಪ್ರೆಸ್ಬಿಟೇರಿಯನ್, ಕ್ಯಾಥೊಲಿಕ್ ಮತ್ತು ಚೀನಾದಲ್ಲೇ ಹುಟ್ಟಿದ 'ಟ್ರೂ ಜೀಸಸ್ ಚರ್ಚ್'. ಕೆಲವೇ ದಶಕಗಳಲ್ಲಿ ಬೆಟ್ಟದ ಜನರಲ್ಲಿ ಹೆಚ್ಚಿನವರು ಕ್ರೈಸ್ತರಾದರು. ಅಮೆರಿಕದ ಗೋಧಿಹಿಟ್ಟು, ಹಾಲಿನಪುಡಿ, ಹಳೆಬಟ್ಟೆ ಚರ್ಚುಗಳ ಮೂಲಕ ಹಂಚಿಕೆಯಾದದ್ದು ನಿಜ. ಅದನ್ನು 'ಹಿಟ್ಟಿನ ಧರ್ಮ' ಅಂತ ಆಡಿಕೊಂಡವರೂ ಉಂಟು. ಈ ಆಡಿಕೊಳ್ಳುವಿಕೆ ನಮಗೆ ಹೊಸತಲ್ಲ. ದಲಿತರು ಮತ ಬದಲಿಸಿದಾಗಲೆಲ್ಲ ಕಾರಣವನ್ನು ಹೊಟ್ಟೆಯಲ್ಲಿ ಹುಡುಕುವವರು ಇದ್ದೇ ಇರುತ್ತಾರೆ. ತಲೆಯಲ್ಲಿ ಕಾರಣ ಇದ್ದೀತು ಎಂಬುದು ಅವರಿಗೆ ಹೊಳೆಯುವುದಿಲ್ಲ.

ಮಾನವಶಾಸ್ತ್ರಜ್ಞೆ ವಾಂಗ್ ಮೈ-ಶಿಯಾ ಅವರು ಗಗಾದ ಬಹು ಅರ್ಥಗಳ ಬಗ್ಗೆ ಮಾಡಿದ ಅಧ್ಯಯನ ಇಲ್ಲಿ ನೆರವಿಗೆ ಬರುತ್ತದೆ. ಗಗಾ ಕಲ್ಲಿನ ಮೇಲೆ ಕೊರೆದದ್ದಲ್ಲ. ಅದನ್ನು ಕಲಿಯಬಹುದು, ಹಂಚಿಕೊಳ್ಳಬಹುದು, ಇನ್ನೊಬ್ಬರಿಂದ ಪಡೆಯಬಹುದು. ತನ್ನ ಬೆಳೆ ಮೇಲಿಂದ ಮೇಲೆ ಕೆಡುತ್ತಿದ್ದರೆ, ಚೆನ್ನಾಗಿ ಬೆಳೆಯುವವರ ಗಗಾದ ಜೊತೆ ಸೇರಿಕೊಳ್ಳುವ ದಾರಿ ಇತ್ತು. ಅಂದಮೇಲೆ ಸಿಡುಬಿಗೂ ಸೋಲಿಗೂ ಹಳೆಯ ಉತುಖ್‌ಗಳಿಂದ ಉತ್ತರ ಸಿಗದೆ ಹೋದಾಗ ಯೇಸುವಿನ ಮಾತನ್ನೂ ಒಂದು ಹೊಸ ಗಗಾ ಅಂತ ತೆಗೆದುಕೊಳ್ಳಲು ಅಡ್ಡಿಯೇನಿತ್ತು? ಅನುವಾದವೂ ಅದೇ ಜಾಡಿನಲ್ಲಿ ನಡೆಯಿತು. ಅಟಯಾಲ್ ಬೈಬಲ್ಲಿನಲ್ಲಿ ದೇವರು 'ಉತುಖ್ ಕಾಯಾಲ್', ಆಕಾಶದ ಉತುಖ್. ಪಾದ್ರಿ ಹಳೆಯ ದೆವ್ವಗಳನ್ನು ಓಡಿಸಿದೆ ಅಂದುಕೊಂಡ. ಜನ ಹಿರಿಯರಿಗೆ ಇನ್ನೊಂದು ಮೆಟ್ಟಿಲು ಮೇಲೆ ಹಾಕಿದೆವು ಅಂದುಕೊಂಡರು.

ಆದರೆ ಎರಡರ ನಡುವೆ ನಿಜವಾದ ಜಗ್ಗಾಟ ಇತ್ತು, ಈಗಲೂ ಇದೆ. ಚರ್ಚಿನ ಪಾಪ ವ್ಯಕ್ತಿಯದು. ಪಶ್ಚಾತ್ತಾಪಪಟ್ಟರೆ ದೇವರು ಕ್ಷಮಿಸುತ್ತಾನೆ, ವ್ಯವಹಾರ ಅಲ್ಲಿಗೆ ಮುಗಿಯಿತು. ಗಗಾದ ತಪ್ಪು ಗುಂಪಿನದು. ನೊಂದವನ ಮನೆಗೆ ಹೋಗದೆ, ಹಂದಿ ಕಡಿಯದೆ ಅದು ಮುಗಿಯುವುದಿಲ್ಲ. ದೇವರು ಕ್ಷಮಿಸಿರಬಹುದು, ನಾವಿನ್ನೂ ಉಂಡಿಲ್ಲವಲ್ಲ ಎಂಬುದು ಅಲ್ಲಿಯ ತರ್ಕ. ಬಹಳ ಊರುಗಳು ಕಂಡುಕೊಂಡ ದಾರಿ ಎರಡನ್ನೂ ಮಾಡುವುದು. ಪಾದ್ರಿ ಪ್ರಾರ್ಥಿಸುತ್ತಾನೆ, ಆಮೇಲೆ ಹಂದಿ ಹಂಚಿಕೆಯಾಗುತ್ತದೆ. ವಾಹನ ಅಪಘಾತದಂಥ ಹೊಸ ಕಾಲದ ತಕರಾರಿಗೂ ಹಣದ ಪರಿಹಾರದ ಜೊತೆ ಹಂದಿ ಸೇರಿಕೊಳ್ಳುತ್ತದೆ. ಚರ್ಚಿನ ಹಿರಿಯರೇ ಪಂಚಾಯ್ತಿಗೆ ಕೂರುವ ಹಿರಿಯರಾದರು. ಹೀಗೆ ಗಗಾ ಚರ್ಚಿನ ಬೆಂಚಿನ ಮೇಲೆ ಬಂದು ಕೂತಿತು. ಇನ್ನೊಂದು ಕಡೆ ಚರ್ಚು ಊರನ್ನು ಒಡೆಯಿತು ಕೂಡ. ಒಂದೇ ಊಟದವರು ಮೂರು ಪಂಗಡವಾದರು. ಟ್ರೂ ಜೀಸಸ್‌ನವರು ರಕ್ತ ತಿನ್ನುವಂತಿಲ್ಲ, ಅವರ ವಿಶ್ರಾಂತಿಯ ದಿನ ಶನಿವಾರ, ಉಳಿದವರದು ಭಾನುವಾರ. ಒಟ್ಟಿಗೆ ಹೊಲ ಮಾಡುತ್ತಿದ್ದವರಿಗೆ ಇದು ಚಿಕ್ಕ ತೊಂದರೆಯಲ್ಲ.

ಚರ್ಚು ಕೊಟ್ಟ ಇನ್ನೊಂದು ವಸ್ತು ಲಿಪಿ. ರೋಮನ್ ಅಕ್ಷರದಲ್ಲಿ ಅಟಯಾಲ್ ಬರೆಯುವುದು ಬೈಬಲ್ ಮತ್ತು ಹಾಡಿನ ಪುಸ್ತಕದ ಮೂಲಕ ಊರೂರಿಗೆ ಹೋಯಿತು. 1949ರಿಂದ 1987ರವರೆಗೆ ತೈವಾನಿನಲ್ಲಿ ಸೇನಾ ಕಾನೂನು ಇತ್ತು. ಶಾಲೆಯಲ್ಲಿ ಚೀನೀ ಭಾಷೆ ಬಿಟ್ಟು ಮನೆಮಾತು ಆಡಿದ ಮಕ್ಕಳ ಕೊರಳಿಗೆ ಫಲಕ ತೂಗುಹಾಕುತ್ತಿದ್ದರು. ಹೊಸ ಒಡಂಬಡಿಕೆ ಅಟಯಾಲ್ ಭಾಷೆಯಲ್ಲಿ 1974ರಲ್ಲಿ ಅಚ್ಚಾಯಿತು. ಮರುವರ್ಷವೇ ಅಧಿಕಾರಿಗಳು ರೋಮನ್ ಲಿಪಿಯ ಬೈಬಲ್ಲುಗಳನ್ನು ಜಪ್ತಿ ಮಾಡಿದರು. ಮಿಷನರಿ ಧರ್ಮ ಅಂದರೆ ಸಾಮ್ರಾಜ್ಯಶಾಹಿಯ ಬಾಲ ಎಂದಷ್ಟೇ ಕಲಿತವರಿಗೆ ಇದು ಕೊಂಚ ಇರಿಸುಮುರಿಸಿನ ಸಂಗತಿ. ಅಲ್ಲಿ ಪ್ರಭುತ್ವ ಹೆದರಿದ್ದು ಆ ಪುಸ್ತಕದ ದೇವರಿಗಿಂತ ಆ ಪುಸ್ತಕದ ಭಾಷೆಗೆ. 1980ರ ದಶಕದ ಆದಿವಾಸಿ ಚಳವಳಿಗೆ, 1988ರ 'ನಮ್ಮ ಭೂಮಿ ವಾಪಸು ಕೊಡಿ' ಹೋರಾಟಕ್ಕೆ ಪ್ರೆಸ್ಬಿಟೇರಿಯನ್ ಚರ್ಚಿನ ಬೆಂಬಲ ದೊಡ್ಡದು. ಅಟಯಾಲ್ ಲೇಖಕ ವಾಲಿಸ್ ನೊಕಾನ್ ಮತ್ತು ಪೈವಾನ್ ತಾಯಿಯ ಮಗಳಾದ ಲೇಖಕಿ ಲಿಗ್ಲಾವ್ ಆ-ವು 1990ರಲ್ಲಿ 'ಬೇಟೆಗಾರ ಸಂಸ್ಕೃತಿ' ಎಂಬ ಅರ್ಥದ ಒಂದು ಸಣ್ಣ ಪತ್ರಿಕೆ ಹೊರಡಿಸಿದ್ದು ಈ ಚಳವಳಿಯ ಬಿಸಿಯಲ್ಲೇ. ಸಣ್ಣ ಪತ್ರಿಕೆ ನಡೆಸುವ ಕಷ್ಟ ಯಾವ ದ್ವೀಪದಲ್ಲಾದರೂ ಒಂದೇ ಇರಬೇಕು ಬಿಡಿ.

ಆದರೆ ಗಗಾ ಸೋತ ಜಾಗವನ್ನೂ ಹೇಳಬೇಕು. 1970-80ರ ದಶಕಗಳಲ್ಲಿ ತೈವಾನ್ ಶ್ರೀಮಂತವಾಗುತ್ತಿದ್ದಾಗ ಅಟಯಾಲರೂ ಸೇರಿದಂತೆ ಬೆಟ್ಟದ ಜನರ ಚಿಕ್ಕ ಹೆಣ್ಣುಮಕ್ಕಳನ್ನು ದಲ್ಲಾಳಿಗಳು ಸಾಲದ ಲೆಕ್ಕದಲ್ಲಿ ನಗರದ ವೇಶ್ಯಾಗೃಹಗಳಿಗೆ ಸಾಗಿಸಿದರು. ಗಂಡು ಹೆಣ್ಣಿನ ಸಂಬಂಧದ ಬಗ್ಗೆ ಅಷ್ಟು ಬಿಗಿಯಾಗಿದ್ದ ಕಟ್ಟಳೆ ದುಡ್ಡಿನ ಎದುರು ಕೈಚೆಲ್ಲಿತು. 1986ರಲ್ಲಿ ಪ್ರೆಸ್ಬಿಟೇರಿಯನ್ ಚರ್ಚು ಈ ಹುಡುಗಿಯರಿಗಾಗಿ ಆರಂಭಿಸಿದ ಕೆಲಸಕ್ಕೆ ಕಾಮನಬಿಲ್ಲಿನ ಹೆಸರಿಟ್ಟಿತು. 1987ರ ಜನವರಿಯಲ್ಲಿ ತೈಪೆಯ ಹ್ವಾಶಿ ಬೀದಿಯಲ್ಲಿ ಮೆರವಣಿಗೆ ನಡೆಯಿತು. ಕರ್ನಾಟಕದ ಓದುಗರಿಗೆ ದೇವದಾಸಿ ಪದ್ಧತಿಯನ್ನು ನೆನಪಿಸುವ ಅಗತ್ಯವಿಲ್ಲ. 1982ರಲ್ಲಿ ಕಾಯ್ದೆ ಮಾಡಿ ನಿಷೇಧಿಸಬೇಕಾಯಿತು. ನಮ್ಮಲ್ಲಿ ಹೆಣ್ಣುಮಕ್ಕಳನ್ನು ಬಿಡುವುದಕ್ಕೆ ಪದ್ಧತಿಯೇ ದೇವರ ಮುದ್ರೆ ಒತ್ತಿಕೊಟ್ಟಿತ್ತು. ಅಲ್ಲಿ ಕಟ್ಟಳೆ ಅದಕ್ಕೆ ಒಪ್ಪಿಗೆ ಕೊಟ್ಟಿರಲಿಲ್ಲ, ತಡೆಯುವ ತ್ರಾಣವೂ ಅದಕ್ಕೆ ಉಳಿದಿರಲಿಲ್ಲ.

ಗಗಾ ಮತ್ತು ಚರ್ಚು ಸೇರಿ ಏನು ಮಾಡಬಲ್ಲವು ಎಂಬುದಕ್ಕೆ ಸ್ಮಂಗುಸ್ ಎಂಬ ಊರನ್ನು ನೋಡಬೇಕು. ಶಿಂಚು ಜಿಲ್ಲೆಯ ಬೆಟ್ಟದ ತುದಿಯ ಊರು. ಕರೆಂಟು ಬಂದದ್ದು 1979ರಲ್ಲಿ, ರಸ್ತೆ 1995ರಲ್ಲಿ. 1991ರಲ್ಲಿ ಅಲ್ಲಿಯ ಕಾಡಿನಲ್ಲಿ ಭಾರೀ ಸೈಪ್ರೆಸ್ ಮರಗಳು ಸಿಕ್ಕವು. ಮುಖಂಡರಿಗೆ ಬಿದ್ದ ಕನಸಿನ ಜಾಡು ಹಿಡಿದು ಹೋದಾಗ ಸಿಕ್ಕವು ಎಂದು ಊರವರು ಹೇಳುತ್ತಾರೆ. ಮರ ನೋಡಲು ಪ್ರವಾಸಿಗಳು ಬಂದರು, ದುಡ್ಡು ಬಂತು, ಜೊತೆಗೆ ಜಗಳವೂ ಬಂತು. ಮನೆಮನೆಗೂ ಲಾಡ್ಜು, ಗಿರಾಕಿಗಾಗಿ ಅಣ್ಣತಮ್ಮಂದಿರ ಪೈಪೋಟಿ. ಊರಿನ ಹಲವು ಮನೆಗಳು ಕೂತು ಮಾತಾಡಿ 2004ರಲ್ಲಿ ಜಮೀನು, ಲಾಡ್ಜು, ವರಮಾನ ಎಲ್ಲವನ್ನೂ ಒಂದೆಡೆ ಹಾಕಿ 'ತ್ನುನನ್' ಎಂಬ ಸಹಕಾರಿ ವ್ಯವಸ್ಥೆ ಮಾಡಿಕೊಂಡವು. ನೇಯ್ಗೆಗೆ ಸಂಬಂಧಪಟ್ಟ ಶಬ್ದ ಅದು. ದುಡಿಯುವವರಿಗೆಲ್ಲ ಸಮಾನ ಸಂಬಳ. ಮಕ್ಕಳ ಓದು, ಆಸ್ಪತ್ರೆ, ಮದುವೆಯ ಖರ್ಚು ಸಾಮೂಹಿಕ ನಿಧಿಯಿಂದ. ಇದಕ್ಕೆ ಅವರು ಕೊಡುವ ಆಧಾರ ಎರಡು: ಹಂಚಿ ಉಣ್ಣುವ ಗಗಾ, ಮತ್ತು ಎಲ್ಲವನ್ನೂ ಸಾಮಾನ್ಯವಾಗಿ ಇಟ್ಟುಕೊಂಡಿದ್ದ ಆದಿ ಕ್ರೈಸ್ತರ ಸಭೆ. ಎಲ್ಲ ಮನೆಗಳೂ ಸೇರಲಿಲ್ಲ ಎಂಬುದನ್ನೂ ಮರೆಯಬಾರದು.

2005ರಲ್ಲಿ ಒಂದು ಚಂಡಮಾರುತ ರಸ್ತೆಯ ಮೇಲೆ ಮರವೊಂದನ್ನು ಕೆಡವಿತು. ಅರಣ್ಯ ಇಲಾಖೆ ಕಾಂಡವನ್ನು ಸಾಗಿಸಿ ಬೊಡ್ಡೆ ಬಿಟ್ಟುಹೋಯಿತು. ಊರಸಭೆ ತೀರ್ಮಾನಿಸಿ ಮೂವರನ್ನು ಕಳಿಸಿ ಆ ಬೊಡ್ಡೆ ತರಿಸಿತು, ಊರಿನ ಅಲಂಕಾರದ ಕೆತ್ತನೆಗೆಂದು. ಮೂವರ ಮೇಲೂ ಅರಣ್ಯ ಕಾಯ್ದೆಯಡಿ ಕಳವಿನ ಮೊಕದ್ದಮೆ ಬಿತ್ತು. 2007ರಲ್ಲಿ ಜಿಲ್ಲಾ ಕೋರ್ಟು ಆರು ತಿಂಗಳ ಜೈಲು, 1,60,000 ತೈವಾನ್ ಡಾಲರ್ ದಂಡ ವಿಧಿಸಿತು. ಮೇಲಿನ ಕೋರ್ಟು ಶಿಕ್ಷೆ ಕಡಿಮೆ ಮಾಡಿತು, ಅಪರಾಧ ಅಲ್ಲ ಅನ್ನಲಿಲ್ಲ. ಮೂವರೂ ಹಿಡಿದ ಹಟ ಏನೆಂದರೆ, ಇದು ನಮ್ಮ ಗಗಾದ ನೆಲ, ಊರು ಕಳಿಸಿತು, ನಾವು ಹೋದೆವು, ಇದರಲ್ಲಿ ಕಳವೆಲ್ಲಿ ಬಂತು? 2005ರಲ್ಲೇ ಬಂದಿದ್ದ ಆದಿವಾಸಿಗಳ ಮೂಲ ಕಾಯ್ದೆ ಅವರ ಪದ್ಧತಿಗಳನ್ನು ಗೌರವಿಸಬೇಕು ಎಂದು ಹೇಳಿತ್ತು. 2009ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪನ್ನು ತಳ್ಳಿಹಾಕಿ ಮರುವಿಚಾರಣೆಗೆ ಕಳಿಸಿತು, 2010ರ ಫೆಬ್ರವರಿಯಲ್ಲಿ ಮೂವರೂ ಖುಲಾಸೆಯಾದರು. ಒಂದು ಬೊಡ್ಡೆಗೆ ನಾಲ್ಕು ವರ್ಷಕ್ಕೂ ಮೀರಿದ ಅಲೆದಾಟ. 1895ರಲ್ಲಿ ಪತ್ರವಿಲ್ಲ ಎಂದು ಹೋದ ಕಾಡಿನಲ್ಲಿ ಬರೆಯದ ಮಾತಿಗೂ ಬೆಲೆಯುಂಟು ಎಂದು ಕೋರ್ಟು ಕೊನೆಗೂ ಒಪ್ಪಬೇಕಾಯಿತು. ನಮ್ಮಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಸಮುದಾಯ ಹಕ್ಕುಪತ್ರ ಸಿಕ್ಕಿದ್ದು ಇದಕ್ಕೆ ಹತ್ತಿರದ ಸಂಗತಿ.

ಪ್ರಭುತ್ವ ಒಪ್ಪಿಕೊಂಡಾಗಲೂ ಒಂದು ಅಪಾಯ ಇದೆ. ಅಟಯಾಲರಲ್ಲಿ ಜಗಳ ಬಗೆಹರಿಸುವುದಕ್ಕೆ 'ಸ್ಬಲಾಯ್' ಎನ್ನುತ್ತಾರೆ. 'ಬಲಾಯ್' ಅಂದರೆ ಸತ್ಯ. ನಡೆದದ್ದನ್ನು ಇಬ್ಬರೂ ಎದುರಾಬದುರು ಕೂತು ಹೇಳಿಕೊಳ್ಳದೆ ರಾಜಿ ಆಗುವುದಿಲ್ಲ ಎಂಬುದು ಆ ಶಬ್ದದ ಒಳಗೇ ಇದೆ. 2016ರ ಆಗಸ್ಟ್ 1ರಂದು ಅಧ್ಯಕ್ಷೆ ತ್ಸಾಯ್ ಇಂಗ್-ವೆನ್ ಆದಿವಾಸಿಗಳ ಕ್ಷಮೆ ಕೇಳಿದಾಗ ಇವೇ ಎರಡು ಶಬ್ದಗಳನ್ನು ಉದಾಹರಿಸಿದರು. ಚೆನ್ನಾದ ಭಾಷಣ. ಮರುವರ್ಷ ಸಾಂಪ್ರದಾಯಿಕ ನೆಲವನ್ನು ಗುರುತಿಸುವ ನಿಯಮ ಬಂದಾಗ ಅದರಿಂದ ಖಾಸಗಿ ಭೂಮಿಯನ್ನು ಹೊರಗಿಟ್ಟಿದ್ದರು. ಆದಿವಾಸಿ ಹೋರಾಟಗಾರರು ಅಧ್ಯಕ್ಷರ ಕಚೇರಿಯ ಎದುರಿನ ಬೀದಿಯಲ್ಲೇ ಬಿಡಾರ ಹೂಡಿದರು. ಶಬ್ದವನ್ನು ಸರ್ಕಾರ ತೆಗೆದುಕೊಂಡಿತು, ಹಂದಿ ಕಡಿಯಲಿಲ್ಲ ಅಂತ ಅಟಯಾಲನೊಬ್ಬ ಅಂದರೆ ಒಪ್ಪಬೇಕಾಗುತ್ತದೆ.

ಇನ್ನೊಂದು ಅಪಾಯ ಕಟ್ಟಳೆಯನ್ನು ಬರೆದಿಡುವುದರಲ್ಲಿದೆ. ಕೋರ್ಟು ಕೇಳುತ್ತದೆ: ನಿಮ್ಮ ಪದ್ಧತಿ ಏನು, ಕಲಂ ಪ್ರಕಾರ ಹೇಳಿ. 2013ರಿಂದ ತೈವಾನಿನಲ್ಲಿ ಆದಿವಾಸಿ ಪ್ರಕರಣಗಳಿಗೆ ಪ್ರತ್ಯೇಕ ಪೀಠಗಳಿವೆ, ಅವಕ್ಕೂ ಪಟ್ಟಿ ಬೇಕು. ಬದಲಾಗುತ್ತಲೇ ಬದುಕಿದ್ದ ಮಾತು ಪಟ್ಟಿಯಾದರೆ ಅದು ಯಾರ ಕೈಯ ಪಟ್ಟಿ? ಊರಿನ ಗಂಡಸರದೋ, ಚರ್ಚಿನ ಹಿರಿಯರದೋ? ನಾಗಾಲ್ಯಾಂಡಿನಲ್ಲಿ 2017ರಲ್ಲಿ ನಗರಸಭೆಗಳ ಮಹಿಳಾ ಮೀಸಲಾತಿಯನ್ನು 371ಎ ವಿಧಿಯ ರಕ್ಷಣೆಯಿರುವ ಪದ್ಧತಿಗೆ ವಿರೋಧ ಎಂದು ಹೇಳಿ ತಡೆದರು. ಆ ಚುನಾವಣೆ ನಡೆಯಲು 2024 ಬರಬೇಕಾಯಿತು. ಕಟ್ಟಳೆ ಯಾರ ಎದುರು ಆಸರೆ, ಯಾರ ಮೇಲೆ ಹೊರೆ ಎಂದು ದಲಿತ ವಿಮರ್ಶೆ ಕೇಳುತ್ತ ಬಂದ ಪ್ರಶ್ನೆಯನ್ನು ಇಲ್ಲಿ ಬಿಟ್ಟುಕೊಡುವ ಹಾಗಿಲ್ಲ. ಸ್ಮಂಗುಸಿನ ಬೊಡ್ಡೆಯ ಪ್ರಕರಣದಲ್ಲಿ ಅದಕ್ಕೆ ಒಂದು ಉತ್ತರ ಸಿಗುತ್ತದೆ, ಮಗ್ಗ ಮತ್ತು ಬೇಟೆಯ ನಿಷೇಧದಲ್ಲಿ ಬೇರೆಯದೇ ಸಿಗುತ್ತದೆ.

ಇವತ್ತು ಆದಿವಾಸಿಗಳಲ್ಲಿ ಸುಮಾರು ಅರ್ಧದಷ್ಟು ಜನ ನಗರಗಳಲ್ಲಿದ್ದಾರೆ. ಕಾರ್ಖಾನೆ, ಕಟ್ಟಡದ ಕೆಲಸ, ನೌಕರಿ. ಅಲ್ಲಿ ಬೇಟೆಯ ಎಲ್ಲೆ ಇಲ್ಲ, ನದಿಯ ಒಕ್ಕೂಟವಿಲ್ಲ. ಉಳಿದಿರುವುದು ಭಾನುವಾರದ ಪ್ರಾರ್ಥನೆ ಮತ್ತು ಮದುವೆಯ ಹಂದಿ. ಗಂಡಿನ ಕಡೆಯವರು ಕೊಟ್ಟ ಹಂದಿಗಳ ಹಸಿ ಮಾಂಸವನ್ನು ಹೆಣ್ಣಿನ ಕಡೆಯ ನೆಂಟರಿಗೆ ಪಾಲು ಹಾಕಿ ಕೊಡುವ ಪದ್ಧತಿಯನ್ನು ಪಾದ್ರಿ ಮದುವೆ ಮಾಡಿಸಿದ ಮೇಲೂ ಬಿಟ್ಟಿಲ್ಲ. ಪಾಲು ಯಾರಿಗೆ ತಪ್ಪಿತು ಎಂಬ ಬಗ್ಗೆ ಮುನಿಸು ಏಳುವುದೂ ನಿಂತಿಲ್ಲ. ತಮ್ಮ ಹೆಸರು ಬಿಟ್ಟುಹೋದರೆ ನೆಂಟರು ನೊಂದುಕೊಳ್ಳುವುದು ಒಂದು ಮುಷ್ಟಿ ಮಾಂಸಕ್ಕಲ್ಲ. ಪಾಲು ತೆಗೆದುಕೊಂಡವರು ಆ ಮದುವೆಗೆ ಹೊಣೆಗಾರರು. ನಾಳೆ ಗಂಡ ಹೆಂಡತಿಗೆ ಜಗಳವಾದರೆ ಬಂದು ಕೂತು ಮಾತಾಡಬೇಕಾದವರು ಅವರೇ.